ಬ್ಯಾಗು ಹಂಚುವ ಮೊದಲು: ಬಡ ಹಳ್ಳಿಯ ಮಕ್ಕಳ ಓದಿಗೆ ನೆರವಾಗುವುದು ಹೇಗೆ?

ಹಳ್ಳಿಯ ಶಾಲೆಗೆ ನೆರವು ಅಂದ ಕೂಡಲೇ ಕಣ್ಣ ಮುಂದೆ ಬರುವುದು ಬ್ಯಾಗು, ನೋಟ್‌ಬುಕ್ಕು, ಬಣ್ಣ ಬಳಿದ ಗೋಡೆ ಮತ್ತು ಸಾಲಾಗಿ ನಿಂತ ಮಕ್ಕಳ ಫೋಟೊ. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಐದನೇ ತರಗತಿಯ ಮಗುವಿಗೆ ಎರಡನೇ ತರಗತಿಯ ಪಾಠ ಓದಲು ಬಾರದಿದ್ದರೆ ಹೊಸ ಬ್ಯಾಗಿನಿಂದ ಆಗುವುದೇನೂ ಇಲ್ಲ. ದನ ಕಾಯಲು ಹೋದ ಮಗುವಂತೂ ಬ್ಯಾಗು ಹಂಚುವ ದಿನ ಶಾಲೆಯಲ್ಲೇ ಇರುವುದಿಲ್ಲ. ಯಾವ ಮಗು ಎಲ್ಲಿ ನಿಂತುಹೋಗಿದೆ ಎಂದು ತಿಳಿಯದೆ ಏನು ಕೊಡಬೇಕೆಂದು ತೀರ್ಮಾನಿಸಬೇಡಿ. ಈ ಮಾರ್ಗದರ್ಶಿ ಅದೇ ಕ್ರಮದಲ್ಲಿ ಸಾಗುತ್ತದೆ: ಮೊದಲು ಎಣಿಕೆ, ಆಮೇಲೆ ಪರೀಕ್ಷೆ, ಖರ್ಚು ಕೊನೆಗೆ. ನಾಲ್ಕಾರು ಗೆಳೆಯರ ಗುಂಪು, ಸಣ್ಣ ಟ್ರಸ್ಟು ಅಥವಾ ಹಳೆಯ ವಿದ್ಯಾರ್ಥಿಗಳ ಸಂಘ ಮಾಡಬಹುದಾದ ಅಳತೆಯಲ್ಲೇ ಎಲ್ಲವನ್ನೂ ಹೇಳಲಾಗಿದೆ.

ಕೈ ಹಾಕುವ ಮೊದಲು

ಒಂದೇ ಹಳ್ಳಿ ಹಿಡಿಯಿರಿ, ಕನಿಷ್ಠ ಮೂರು ವರ್ಷ ಇರಿ. ಹತ್ತು ಹಳ್ಳಿಗೆ ವರ್ಷಕ್ಕೊಮ್ಮೆ ಹೋಗಿ ಬರುವವರನ್ನು ಊರಿನವರು ನೆಂಟರಂತೆ ಸತ್ಕರಿಸಿ ಕಳಿಸುತ್ತಾರೆ, ಒಳಗಿನ ಮಾತು ಹೇಳುವುದಿಲ್ಲ. ಮೊದಲ ವರ್ಷದ ಅರ್ಧ ಪರಿಚಯ ಮತ್ತು ಎಣಿಕೆಯಲ್ಲಿ ಹೋಗುತ್ತದೆ, ಉಳಿದರ್ಧ ಕೆಲಸ ಶುರುವಾಗುವುದರಲ್ಲಿ. ಫಲ ಕಾಣುವುದು ಎರಡನೇ ವರ್ಷ. ಮೊದಲ ವರ್ಷದ ಪೂರ್ತಿ ಹಣ ಮತ್ತು ಎರಡನೇ ವರ್ಷದ ಅರ್ಧ ಹಣ ಕೈಯಲ್ಲಿಲ್ಲದಿದ್ದರೆ ಯೋಜನೆಯನ್ನೇ ಚಿಕ್ಕದು ಮಾಡಿ. ನಡುವೆ ನಿಂತುಹೋದ ನೆರವು ಮಗುವಿಗೆ ಕಲಿಸುವ ಪಾಠ ಒಂದೇ: ಇವರನ್ನು ನಂಬಬಾರದು.

ಸಂಸ್ಥೆಯ ನೋಂದಣಿ, ತೆರಿಗೆ ವಿನಾಯಿತಿ, ಹೊರದೇಶದಿಂದ ಬರುವ ದೇಣಿಗೆಗೆ ಅನುಮತಿ, ಇವುಗಳ ನಿಯಮ ದೇಶದಿಂದ ದೇಶಕ್ಕೆ ಬೇರೆ. ಲೆಕ್ಕ ಪರಿಶೋಧಕರ ಹತ್ತಿರ ಒಮ್ಮೆ ಕೂತು ಬಗೆಹರಿಸಿಕೊಳ್ಳಿ. ಹೊರದೇಶದ ಹಣ ಒಂದು ಬಿಡಿಗಾಸು ಬರುವುದಿದ್ದರೂ ಬರುವ ಮೊದಲೇ ಕೇಳಿ. ಬಂದ ಮೇಲೆ ಸರಿಪಡಿಸುವುದು ಬಲು ಕಷ್ಟ.

ಹಂತ 1: ಮನೆ ಮನೆ ಎಣಿಕೆ

ಶಾಲೆಯ ಹಾಜರಿ ಪುಸ್ತಕದಿಂದ ಶುರು ಮಾಡಬೇಡಿ. ಶಾಲೆಗೆ ಸೇರದ ಮಗು ಅದರಲ್ಲಿ ಇರುವುದೇ ಇಲ್ಲ. ಊರಿನ ನಕ್ಷೆಯನ್ನು ಕೈಯಲ್ಲೇ ಬರೆದುಕೊಳ್ಳಿ. ಬೀದಿಗಳು, ಊರ ಹೊರಗಿನ ಗುಡಿಸಲುಗಳು, ತೋಟದ ಮನೆಗಳು, ಕೂಲಿಗೆ ಬಂದು ನೆಲೆಸಿದವರ ಶೆಡ್ಡುಗಳು ಎಲ್ಲವೂ ಅದರಲ್ಲಿ ಬರಲಿ. ಕೊನೆಯ ಎರಡು ಗುಂಪುಗಳೇ ಸಾಮಾನ್ಯವಾಗಿ ಬಿಟ್ಟುಹೋಗುವುದು, ಶಾಲೆಗೆ ಬಾರದ ಮಕ್ಕಳು ಹೆಚ್ಚಿರುವುದೂ ಅಲ್ಲೇ. ಇಬ್ಬರ ಒಂದು ಜೋಡಿ ಒಂದು ಸಂಜೆಗೆ 12ರಿಂದ 15 ಮನೆ ಮುಗಿಸಬಹುದು. ಹೀಗೆ 150 ಮನೆಯ ಊರಿಗೆ ಎರಡು ಜೋಡಿ ಇದ್ದರೆ ಒಂದು ವಾರ ಸಾಕು. ಹಗಲಲ್ಲಿ ಹೋದರೆ ಬಾಗಿಲಿಗೆ ಬೀಗ ಇರುತ್ತದೆ.

5ರಿಂದ 16 ವರ್ಷದ ಪ್ರತಿ ಮಗುವಿಗೂ ಒಂದೊಂದು ಸಾಲು: ವಯಸ್ಸು, ಹುಡುಗನೋ ಹುಡುಗಿಯೋ, ಶಾಲೆಗೆ ಸೇರಿದೆಯೇ, ಯಾವ ತರಗತಿ, ಕಳೆದ ವಾರ ಎಷ್ಟು ದಿನ ಹೋಯಿತು, ಹೋಗದ ದಿನ ಏನು ಮಾಡಿತು, ಮನೆಯಲ್ಲಿ ಓದು ಬರುವವರು ಯಾರು, ಅಣ್ಣ ಅಕ್ಕಂದಿರು ಯಾವ ತರಗತಿಗೆ ಬಿಟ್ಟರು. ಕೊನೆಯ ಪ್ರಶ್ನೆ ಚಿಕ್ಕದಾಗಿ ಕಂಡರೂ ಊರಿನಲ್ಲಿ ಓದು ಎಲ್ಲಿ ಮುರಿದುಬೀಳುತ್ತದೆ ಎಂಬುದನ್ನು ಅದೇ ತೋರಿಸುವುದು. ‘ನಿಮ್ಮ ಮಗು ದಿನಾ ಶಾಲೆಗೆ ಹೋಗುತ್ತದೆಯೇ?’ ಎಂದು ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ‘ನಿನ್ನೆ ಹೋಗಿತ್ತಾ? ಮೊನ್ನೆ?’ ಎಂದು ಒಂದೊಂದೇ ದಿನ ಹಿಂದಕ್ಕೆ ಹೋಗಿ ಕೇಳಿ.

ಇದರ ಜತೆಗೆ ಶಾಲೆಯಲ್ಲಿ ತಲೆ ಎಣಿಸಿ. ಶಿಕ್ಷಕರಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದೇ ಹೋಗಿ, ಆದರೆ ದಿನ ಮಾತ್ರ ಮೊದಲೇ ಹೇಳಬೇಡಿ. ಬೆಳಿಗ್ಗೆ ಶಾಲೆ ಶುರುವಾದ ಅರ್ಧ ಗಂಟೆಗೆ ಒಮ್ಮೆ, ಮಧ್ಯಾಹ್ನದ ಬಿಡುವಿನ ನಂತರ ಒಮ್ಮೆ, ಸಂತೆಯ ದಿನ ಒಮ್ಮೆ, ಸುಗ್ಗಿಯ ಕಾಲದಲ್ಲಿ ಒಮ್ಮೆ. ಈ ನಾಲ್ಕು ಎಣಿಕೆಯನ್ನು ಹಾಜರಿ ಪುಸ್ತಕದ ಪಕ್ಕ ಇಟ್ಟು ನೋಡಿದರೆ ಊರಿನ ಅರ್ಧ ಕಥೆ ಅಲ್ಲೇ ಇದೆ. ಮಧ್ಯಾಹ್ನಕ್ಕೆ ಸಂಖ್ಯೆ ಅರ್ಧಕ್ಕೆ ಇಳಿದರೆ ಹಸಿವೋ ಮನೆಗೆಲಸವೋ ಕಾರಣ. ಸುಗ್ಗಿಯಲ್ಲಿ ಮಾತ್ರ ಇಳಿದರೆ ಕೂಲಿ. ವರ್ಷವಿಡೀ ಹುಡುಗಿಯರಷ್ಟೇ ಕಡಿಮೆ ಇದ್ದರೆ ಶೌಚಾಲಯ, ದಾರಿ ಅಥವಾ ಕೈಕೂಸಿನ ಆರೈಕೆ ಎಂದು ಅನುಮಾನಿಸಿ ವಿಚಾರಿಸಿ.

ಹಂತ 2: ಮಗುವಿಗೆ ನಿಜವಾಗಿ ಎಷ್ಟು ಬರುತ್ತದೆ?

ಇಲ್ಲಿ ಹೊಸದೇನನ್ನೂ ಕಂಡುಹಿಡಿಯಬೇಕಿಲ್ಲ. ಭಾರತದಲ್ಲಿ ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ಅಸರ್ ಸಮೀಕ್ಷೆಯ ಪರೀಕ್ಷೆ ಒಂದೇ ಹಾಳೆಯದು. ಕೀನ್ಯಾ, ಟಾಂಜಾನಿಯಾ, ಉಗಾಂಡಾಗಳಲ್ಲಿ ಉವೆಜೊ ಹೆಸರಿನ ಸಮೀಕ್ಷೆ ಇದೇ ಮಾದರಿ ಹಿಡಿದಿದೆ. ಓದಿನಲ್ಲಿ ಐದು ಮೆಟ್ಟಿಲು: ಏನೂ ಬಾರದು, ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಲೆಕ್ಕದಲ್ಲೂ ಐದು: ಏನೂ ಬಾರದು, 1ರಿಂದ 9 ಗುರುತಿಸುವುದು, 10ರಿಂದ 99 ಗುರುತಿಸುವುದು, ದಶಕ ತೆಗೆದುಕೊಂಡು ಮಾಡುವ ಎರಡಂಕಿಯ ಕಳೆಯುವ ಲೆಕ್ಕ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು.

ಪರೀಕ್ಷೆ ಮಾಡುವ ರೀತಿ ಮುಖ್ಯ. ಒಂದು ಸಲಕ್ಕೆ ಒಂದೇ ಮಗು. ಎದುರಿಗಲ್ಲ, ಪಕ್ಕದಲ್ಲಿ ಕೂರಿ. ಮೊದಲು ನಾಲ್ಕು ಸಾಲಿನ ಭಾಗ ಕೊಡಿ. ಮೂರು ತಪ್ಪಿನೊಳಗೆ, ವಾಕ್ಯವನ್ನು ವಾಕ್ಯವಾಗಿ ಓದಿದರೆ ಕಥೆಗೆ ಏರಿಸಿ, ತಡವರಿಸಿದರೆ ಪದಗಳಿಗೆ ಇಳಿಸಿ. ಐದು ಪದದಲ್ಲಿ ನಾಲ್ಕು ಸರಿಯಾದರೆ ಪದದ ಮೆಟ್ಟಿಲು. ಇಲ್ಲದಿದ್ದರೆ ಅಕ್ಷರ, ಅಲ್ಲೂ ಐದರಲ್ಲಿ ನಾಲ್ಕು. ಲೆಕ್ಕದ ಪರೀಕ್ಷೆಯನ್ನು ಎರಡು ಕಳೆಯುವ ಲೆಕ್ಕಗಳಿಂದ ಶುರು ಮಾಡಿ. ಎರಡೂ ಸರಿಯಾದರೆ ಭಾಗಾಕಾರ, ಇಲ್ಲವಾದರೆ ಅಂಕಿ ಗುರುತಿಸುವುದು. ಓದಿಗೂ ಲೆಕ್ಕಕ್ಕೂ ಸೇರಿ ಒಂದು ಮಗುವಿಗೆ ಹತ್ತು ನಿಮಿಷ ಹಿಡಿಯುತ್ತದೆ.

ಈ ಪರೀಕ್ಷೆಗೆ ಶಾಲೆಯ ಪಠ್ಯಪುಸ್ತಕವನ್ನು ಬಳಸಲೇಬೇಡಿ. ಮೂರನೇ ತರಗತಿಯ ಮಗುವೊಂದು ಪುಸ್ತಕ ತೆರೆದು ಗಡಗಡನೆ ಪಾಠ ಒಪ್ಪಿಸುತ್ತದೆ, ರಾಗವೂ ಇರುತ್ತದೆ. ಅದರ ಬೆರಳನ್ನು ನೋಡಿ. ಬಾಯಿ ನಾಲ್ಕನೇ ಸಾಲಿನಲ್ಲಿದ್ದರೆ ಬೆರಳು ಎರಡನೆಯದರ ನಡುವೆ ಇರುತ್ತದೆ. ಪುಟದ ಮಧ್ಯದ ಒಂದು ಪದದ ಮೇಲೆ ಕೈಯಿಟ್ಟು ‘ಇದೇನು?’ ಎಂದರೆ ಮಗು ಮತ್ತೆ ಮೊದಲ ಸಾಲಿನಿಂದ ಬಾಯಲ್ಲೇ ಹೇಳಿಕೊಳ್ಳುತ್ತಾ ಬಂದು ಆ ಪದ ಮುಟ್ಟಲು ನೋಡುತ್ತದೆ. ಅದಕ್ಕೆ ಬರುವುದು ಬಾಯಿಪಾಠ, ಓದಲ್ಲ. ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಹೇಳುವಾಗ ಶಿಕ್ಷಕರ ಗಮನಕ್ಕೂ ಇದು ಬರುವುದಿಲ್ಲ.

ಫಲಿತಾಂಶವನ್ನು ತರಗತಿವಾರು ಅಲ್ಲದೆ ಮೆಟ್ಟಿಲುವಾರು ಪಟ್ಟಿ ಮಾಡಿ. ಐದನೇ ತರಗತಿಯ 30 ಮಕ್ಕಳಲ್ಲಿ 8 ಜನ ಇನ್ನೂ ಅಕ್ಷರದಲ್ಲೇ ಇದ್ದಾರೆ ಎಂದು ಒಂದು ಹಾಳೆಯಲ್ಲಿ ಕಂಡರೆ ಮುಂದೇನು ಮಾಡಬೇಕೆಂಬ ಚರ್ಚೆಯೇ ಬದಲಾಗುತ್ತದೆ. ಈ ಹಾಳೆಯನ್ನು ಮೊದಲು ಶಿಕ್ಷಕರಿಗೆ ತೋರಿಸಿ, ಊರಿನವರಿಗೆ ಆಮೇಲೆ. ಕ್ರಮ ತಪ್ಪಿದರೆ ಶಿಕ್ಷಕರು ಎದುರಾಳಿಗಳಾಗುತ್ತಾರೆ, ಆಮೇಲೆ ಶಾಲೆಯ ಬಾಗಿಲು ತೆರೆಯುವುದಿಲ್ಲ. ಮಕ್ಕಳ ಹೆಸರು ಓದಿ ಹೇಳುವುದು ಬೇಡವೇ ಬೇಡ.

ಹಂತ 3: ತೊಡಕು ಯಾವುದು, ಮದ್ದು ಯಾವುದು?

ಈಗ ನಿಮ್ಮ ಕೈಯಲ್ಲಿರುವ ಮಾಹಿತಿ ಮೂರರಲ್ಲಿ ಒಂದು ಕಡೆ ವಾಲುತ್ತದೆ. ಮಕ್ಕಳು ಬರುತ್ತಿಲ್ಲ, ಬಂದರೂ ಕಲಿಯುತ್ತಿಲ್ಲ, ಅಥವಾ ಕಲಿತರೂ ಮುಂದಿನ ಶಾಲೆಗೆ ಹೋಗುತ್ತಿಲ್ಲ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಹಣ ವ್ಯರ್ಥ. ಈ ವಿಚಾರದಲ್ಲಿ ಜಗತ್ತಿನ ಹಲವು ಕಡೆ ಎಚ್ಚರದಿಂದ ಪ್ರಯೋಗ ನಡೆದಿದೆ. ಅಂಥ ಕೆಲಸಕ್ಕೇ 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೆಮರ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅದರ ಸಾರವನ್ನು ಬಳಸಿಕೊಳ್ಳುವುದು ಜಾಣತನ.

ಕೀನ್ಯಾದ ಪಶ್ಚಿಮ ಭಾಗದ ಹಳ್ಳಿ ಶಾಲೆಗಳಿಗೆ ಪಠ್ಯಪುಸ್ತಕ ಕೊಟ್ಟು ನೋಡಿದರು. ಸರಾಸರಿ ಅಂಕ ಏರಲಿಲ್ಲ. ಮೊದಲೇ ಚೆನ್ನಾಗಿ ಓದುತ್ತಿದ್ದವರಿಗಷ್ಟೇ ಲಾಭವಾಯಿತು. ಕಾರಣ ಸರಳ: ಪುಸ್ತಕ ಇದ್ದದ್ದು ಇಂಗ್ಲಿಷಿನಲ್ಲಿ, ಬಹಳ ಮಕ್ಕಳಿಗೆ ಅದು ಮೂರನೇ ಭಾಷೆ. ಅದೇ ಪ್ರದೇಶದಲ್ಲಿ ಗೋಡೆಗೆ ತೂಗುಹಾಕುವ ಚಾರ್ಟುಗಳನ್ನು ಕೊಟ್ಟರು, ಏನೂ ಬದಲಾಗಲಿಲ್ಲ. ಪೆರುವಿನಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಯೋಜನೆಯ 319 ಶಾಲೆಗಳನ್ನು ಅಧ್ಯಯನ ಮಾಡಿ 2012ರಲ್ಲಿ ಬಂದ ವರದಿ, ಗಣಿತದಲ್ಲೂ ಭಾಷೆಯಲ್ಲೂ ಸುಧಾರಣೆಯ ಗುರುತು ಇಲ್ಲ ಎಂದಿತು. ವಸ್ತು ಕೊಡುವುದು ಸುಲಭ, ಫೋಟೊಕ್ಕೆ ಚೆಂದ. ಅದಕ್ಕೇ ದಾನಿಗಳು ಮತ್ತೆ ಮತ್ತೆ ಅಲ್ಲಿಗೇ ಹೋಗಿ ಬೀಳುವುದು.

ಮಕ್ಕಳು ಬರುತ್ತಿಲ್ಲವಾದರೆ

ಮೊದಲು ಆರೋಗ್ಯ ನೋಡಿ. ಕೀನ್ಯಾದ ಬುಸಿಯಾದಲ್ಲಿ 75 ಶಾಲೆಗಳಲ್ಲಿ ಜಂತುಹುಳುವಿನ ಮಾತ್ರೆ ಕೊಟ್ಟಾಗ ಗೈರುಹಾಜರಿ ಕಾಲು ಭಾಗ ಇಳಿಯಿತು. ಆದರೆ ಅಂಕ ಏರಲಿಲ್ಲ. ಬರುವುದು ಬೇರೆ, ಕಲಿಯುವುದು ಬೇರೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಮಾತ್ರೆಯನ್ನು ನೀವೇ ಹಂಚಬೇಡಿ, ಸ್ಥಳೀಯ ಆರೋಗ್ಯ ಕೇಂದ್ರದ ಮೂಲಕವೇ ಆಗಬೇಕು. ನಿಮ್ಮ ಕೆಲಸ ದಿನ ಗೊತ್ತುಮಾಡುವುದು, ಆ ದಿನ ಬಾರದ ಮಕ್ಕಳ ಮನೆಗೆ ಮರುದಿನ ಹೋಗುವುದು.

ಕಣ್ಣಿನ ಪರೀಕ್ಷೆಯನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ಹಿಂದಿನ ಬೆಂಚಿನ ‘ದಡ್ಡ’ನಿಗೆ ಹಲಗೆ ಕಾಣುತ್ತಿರುವುದೇ ಇಲ್ಲ. 6 ಮೀಟರ್ ದೂರದಲ್ಲಿ, ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ ಇಂಗ್ಲಿಷಿನ ‘E’ ಆಕಾರದ ಪಟ್ಟಿ ತೂಗುಹಾಕಿ, ಒಂದೊಂದೇ ಕಣ್ಣು ಮುಚ್ಚಿ, ಆಕಾರದ ಬಾಯಿ ಯಾವ ಕಡೆ ಇದೆ ಎಂದು ಕೈಯಲ್ಲಿ ತೋರಿಸಲು ಹೇಳಿದರೆ ಸಾಕು, ಅಕ್ಷರ ಬಾರದ ಮಗುವನ್ನೂ ಪರೀಕ್ಷಿಸಬಹುದು. ಎಡವಿದವರನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಚೀನಾದ ಗಾನ್ಸು ಪ್ರಾಂತ್ಯದ ಹಳ್ಳಿಗಳಲ್ಲಿ ಉಚಿತ ಕನ್ನಡಕ ಪಡೆದ ಮಕ್ಕಳ ಅಂಕ ಏರಿತು. ಆದರೆ ಕೊಡುತ್ತೇವೆಂದರೂ ಮೂರರಲ್ಲಿ ಒಂದು ಪಾಲಿನಷ್ಟು ಮಕ್ಕಳು ಬೇಡವೆಂದರು. ಮನೆಯವರ ಜತೆ ಮಾತಾಡದೆ ಕನ್ನಡಕ ಹಂಚಿದರೆ ಅದು ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಚೌಕಟ್ಟನ್ನು ಮಗುವೇ ಆರಿಸಲಿ, ಒಡೆದರೆ ಬದಲಿಸಲು ಹಣ ಎತ್ತಿಡಿ.

ದೂರ ಕಾರಣವಾದರೆ ಸೈಕಲ್ಲು ಕೆಲಸ ಮಾಡುತ್ತದೆ. 2006ರಲ್ಲಿ ಬಿಹಾರದಲ್ಲಿ ಒಂಬತ್ತನೇ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ಲಿಗೆ ಹಣ ಕೊಟ್ಟಾಗ ಅವರ ದಾಖಲಾತಿ ಸುಮಾರು ಮೂರನೇ ಒಂದು ಪಾಲು ಏರಿತು. ಹೆಚ್ಚಿನ ಫಲ ಕಂಡದ್ದು ಪ್ರೌಢಶಾಲೆ 3 ಕಿಲೋಮೀಟರಿಗಿಂತ ದೂರವಿದ್ದ ಊರುಗಳಲ್ಲಿ. ಶಾಲೆ ಪಕ್ಕದಲ್ಲೇ ಇರುವ ಊರಿಗೆ ಸೈಕಲ್ಲು ಕೊಟ್ಟರೆ ಅದು ಅಪ್ಪನ ಓಡಾಟಕ್ಕೆ ಆಗುತ್ತದೆ, ಅಷ್ಟೇ. ಪಂಪು, ಪಂಕ್ಚರ್ ಹಾಕುವ ಸಾಮಾನು, ಹತ್ತು ಸೈಕಲ್ಲಿಗೆ ಎರಡರಂತೆ ಹೆಚ್ಚುವರಿ ಟ್ಯೂಬು ಶಾಲೆಯಲ್ಲಿ ಇಡಿ, ಇಬ್ಬರು ದೊಡ್ಡ ಮಕ್ಕಳಿಗೆ ರಿಪೇರಿ ಕಲಿಸಿ.

ಕೂಲಿ ಕಾರಣವಾದರೆ ಉಪದೇಶಕ್ಕೆ ಬೆಲೆ ಇಲ್ಲ. ಮೆಕ್ಸಿಕೊದಲ್ಲಿ 1997ರಲ್ಲಿ ಶುರುವಾದ ಪ್ರೊಗ್ರೇಸಾ ಯೋಜನೆ, ಮಗು ಶೇ 85ರಷ್ಟು ದಿನ ಶಾಲೆಗೆ ಬಂದರೆ ತಾಯಿಯ ಕೈಗೆ ಹಣ ಕೊಟ್ಟಿತು. ಮೇಲಿನ ತರಗತಿಗಳಲ್ಲಿ ಹುಡುಗಿಯರಿಗೆ ಹೆಚ್ಚು. ಸಣ್ಣ ಗುಂಪಿಗೆ ಇಡೀ ಊರಿಗೆ ಹೀಗೆ ಕೊಡಲು ಆಗದು. ಹಾಜರಾತಿ ಕುಸಿಯುವ ಆ ಆರೆಂಟು ವಾರಗಳಿಗೆ ಮಾತ್ರ, ಅತಿ ಬಡ ಮನೆಗಳಿಗೆ ಮಾತ್ರ ಕೊಡಬಹುದು. ಅದು ಬೇಡವಾದರೆ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಶಾಲೆಯ ಪಕ್ಕದಲ್ಲೇ ಒಂದು ಕೋಣೆ, ಇಬ್ಬರು ಆಯಾಗಳು. ಕೈಕೂಸು ಹೊತ್ತ ಹುಡುಗಿಯರು ಮರಳಿ ಬರಲು ಇದು ಹೆಚ್ಚಿನ ಊರುಗಳಲ್ಲಿ ಅಗ್ಗದ ದಾರಿ.

ಶೌಚಾಲಯ ಕಟ್ಟಿಸುವುದಾದರೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಹಿಡಿಯಿರಿ: 25 ಹುಡುಗಿಯರಿಗೆ ಒಂದು, 50 ಹುಡುಗರಿಗೆ ಒಂದು ಮತ್ತು ಜತೆಗೆ ಮೂತ್ರಾಲಯ. ಹುಡುಗಿಯರದ್ದು ಬೇರೆ ದಿಕ್ಕಿನಲ್ಲಿರಲಿ, ಚಿಲಕ ಒಳಗಿರಲಿ, ಮುಚ್ಚಳವಿರುವ ಬುಟ್ಟಿ ಇರಲಿ, ನೀರು ಒಳಗೇ ಬರಲಿ. ದಿನಾ ತೊಳೆಯುವವರು ಯಾರು, ಅವರ ಸಂಬಳ ಎಲ್ಲಿಂದ ಎಂಬುದು ಕಾಗದದ ಮೇಲೆ ಆಗುವವರೆಗೆ ಅಡಿಪಾಯ ತೋಡಬೇಡಿ. ಮಕ್ಕಳಿಂದ, ಅದರಲ್ಲೂ ಒಂದೇ ಜಾತಿಯ ಅಥವಾ ಬಡ ಮನೆಯ ಮಕ್ಕಳಿಂದ ತೊಳೆಸುವ ಏರ್ಪಾಡಿಗೆ ನಿಮ್ಮ ಹಣ ಹೋಗಬಾರದು.

ಬಂದರೂ ಕಲಿಯುತ್ತಿಲ್ಲವಾದರೆ

ಬಹುಪಾಲು ಊರುಗಳ ಸಮಸ್ಯೆ ಇದೇ, ಸಣ್ಣ ಗುಂಪು ಹೆಚ್ಚು ಫಲ ಪಡೆಯುವುದೂ ಇಲ್ಲೇ. ಪಾಠ ಪುಸ್ತಕದ ವೇಗದಲ್ಲಿ ಓಡುತ್ತದೆ, ಮಗು ಎರಡನೇ ತರಗತಿಯಲ್ಲೇ ಕಳಚಿಕೊಂಡಿರುತ್ತದೆ. ಆಮೇಲಿನ ಮೂರು ವರ್ಷ ಅದು ಸುಮ್ಮನೆ ಕೂತಿರುತ್ತದೆ. ಮದ್ದು: ದಿನಕ್ಕೆ ಒಂದೂವರೆಯಿಂದ ಎರಡು ಗಂಟೆ ತರಗತಿಯನ್ನು ಮರೆತು, ಮೆಟ್ಟಿಲಿಗೆ ತಕ್ಕಂತೆ ಗುಂಪು ಮಾಡಿ ಕಲಿಸುವುದು. ಮುಂಬೈ ಮತ್ತು ವಡೋದರಾದಲ್ಲಿ ಪ್ರಥಮ್ ಹಿಂದುಳಿದ 15ರಿಂದ 20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಸ್ಥಳೀಯ ಯುವತಿಯರ ಕೈಗೆ ಕೊಟ್ಟಾಗ ಅಂಕಗಳು ಸ್ಪಷ್ಟವಾಗಿ ಏರಿದವು. ಆ ಯುವತಿಯರು ತರಬೇತಿ ಪಡೆದ ಶಿಕ್ಷಕಿಯರಾಗಿರಲಿಲ್ಲ.

ಇದನ್ನು ನಡೆಸಲು ಬೇಕಾದದ್ದು ಇಷ್ಟು. 15ರಿಂದ 20 ಮಕ್ಕಳಿಗೆ ಒಬ್ಬರು, ಅದೇ ಊರಿನವರು, ಹತ್ತನೇ ತರಗತಿಯಾದರೂ ಓದಿದವರು. ಅವರಿಗೆ ಆರಂಭದಲ್ಲಿ 5 ದಿನ ತರಬೇತಿ, ಆಮೇಲೆ ಹದಿನೈದು ದಿನಕ್ಕೊಮ್ಮೆ ಅರ್ಧ ದಿನ. ಪ್ರತಿ ಗುಂಪಿಗೆ ಒಂದು ಅಕ್ಷರ ಪಟ್ಟಿ, 60 ಪದದ ಕಾರ್ಡು, ದೊಡ್ಡ ಅಕ್ಷರದ 30 ಪುಟ್ಟ ಕಥೆಗಳು, ಹತ್ತರ ಕಟ್ಟು ಮಾಡಲು 200 ಕಡ್ಡಿ, ಒಂದು ಹಲಗೆ. ಮೊದಲ ಸುತ್ತು 50 ದಿನ.

ಒಂದು ದಿನದ ಎರಡು ಗಂಟೆ ಹೀಗೆ ಹೋಗಲಿ: ಹತ್ತು ನಿಮಿಷ ಹರಟೆ, ಎಲ್ಲರೂ ಬಾಯಿ ಬಿಡಲಿ. ಅರ್ಧ ಗಂಟೆ ಕಥೆ: ಕಲಿಸುವವರು ಬೆರಳಿಟ್ಟು ಓದುತ್ತಾರೆ, ಆಮೇಲೆ ಮಕ್ಕಳು ಒಬ್ಬೊಬ್ಬರಾಗಿ. ಇಪ್ಪತ್ತು ನಿಮಿಷ ಅಕ್ಷರ ಮತ್ತು ಪದದ ಆಟ. ಇಪ್ಪತ್ತು ನಿಮಿಷ ಬರಹ, ತಾನು ಹೇಳಿದ್ದನ್ನು ತಾನೇ ಬರೆಯುವುದು, ತಪ್ಪಿದ್ದರೂ ಸರಿ. ಉಳಿದ ನಲವತ್ತು ನಿಮಿಷ ಲೆಕ್ಕ, ಕಡ್ಡಿಗಳ ಜತೆ. 42ರಲ್ಲಿ 17 ಕಳೆಯುವಾಗ ಒಂದು ಕಟ್ಟು ಬಿಚ್ಚಿ ಹತ್ತು ಕಡ್ಡಿಯನ್ನು ಬಿಡಿ ಮಾಡಿದ ಕೈಗೆ ‘ದಶಕ ತಗೊಳ್ಳೋದು’ ಅಂದರೇನೆಂದು ಬೇರೆ ವಿವರಿಸಬೇಕಿಲ್ಲ. ಹತ್ತು ದಿನಕ್ಕೊಮ್ಮೆ ಅದೇ ಹಾಳೆಯ ಪರೀಕ್ಷೆ ಮಾಡಿ, ಏರಿದ ಮಗುವನ್ನು ಮುಂದಿನ ಗುಂಪಿಗೆ ಕಳಿಸಿ. ಗುಂಪು ಕದಲದೆ ಹಾಗೇ ಉಳಿದರೆ ಅದೂ ಇನ್ನೊಂದು ತರಗತಿಯಾಗಿಬಿಡುತ್ತದೆ.

ಎಡವುವುದು ಎಲ್ಲಿ? ಹಾಜರಾತಿಯಲ್ಲಿ. ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಸ್ವಯಂಸೇವಕರು ಶಾಲೆಯ ಹೊರಗೆ ಓದಿನ ಶಿಬಿರ ನಡೆಸಿದಾಗ ಬಂದ ಮಕ್ಕಳು ನಿಜವಾಗಿಯೂ ಕಲಿತರು, ಆದರೆ ಬಂದದ್ದು ಊರಿನ ಮಕ್ಕಳಲ್ಲಿ ಶೇ 8ರಷ್ಟು. ಸಾಧ್ಯವಾದರೆ ಈ ಎರಡು ಗಂಟೆಯನ್ನು ಶಾಲೆಯ ವೇಳೆಯ ಒಳಗೇ, ಶಿಕ್ಷಕರ ಒಪ್ಪಿಗೆಯಿಂದ ಇಡಿಸಿ. ಆಗದಿದ್ದರೆ ಶಾಲೆ ಬಿಟ್ಟ ಕೂಡಲೇ ಅಲ್ಲೇ ನಡೆಸಿ. ಒಮ್ಮೆ ಮನೆ ಸೇರಿದ ಮಗು ವಾಪಸು ಬರುವುದು ಅಪರೂಪ. ಇನ್ನೊಂದು ಎಡವು: ಕಲಿಸುವವರ ಗೌರವಧನ ತಡವಾಗುವುದು. ಎರಡು ತಿಂಗಳು ತಪ್ಪಿದರೆ ಅವರು ಬೇರೆ ಕೆಲಸ ಹಿಡಿಯುತ್ತಾರೆ, ಹಿಡಿಯಲೇಬೇಕು.

ಗ್ರಂಥಾಲಯದ ಬಗ್ಗೆ ಒಂದು ಮಾತು. ಮಗುವಿಗೆ 4 ಪುಸ್ತಕದ ಲೆಕ್ಕದಲ್ಲಿ ತೆಗೆದುಕೊಳ್ಳಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪುಟಕ್ಕೆ ಒಂದೆರಡು ಸಾಲಿನ ಚಿತ್ರಪುಸ್ತಕವಿರಲಿ, ಮಗು ಮನೆಯಲ್ಲಿ ಆಡುವ ಭಾಷೆಯಲ್ಲಿರಲಿ. ನಗರದ ಮನೆಗಳಲ್ಲಿ ಉಳಿದ ಹಳೆಯ ಗೈಡುಗಳನ್ನು ದಾನವೆಂದು ಸ್ವೀಕರಿಸಬೇಡಿ. ಪುಸ್ತಕ ಮಗುವಿನ ಕಣ್ಣಿನ ಎತ್ತರಕ್ಕೆ, ಮುಖಪುಟ ಕಾಣುವಂತೆ ತೂಗಲಿ. ಬೀರುವಿಗೆ ಬೀಗ ಹಾಕಿ ಕೀಲಿಯನ್ನು ಮುಖ್ಯೋಪಾಧ್ಯಾಯರ ಮೇಜಿನಲ್ಲಿ ಇಟ್ಟರೆ ವರ್ಷದ ಕೊನೆಗೂ ಪುಸ್ತಕ ಹೊಸದಾಗಿಯೇ ಇರುತ್ತದೆ. ಕಳೆದುಹೋದರೆ ಲೆಕ್ಕ ಕೊಡಬೇಕೆಂಬ ಭಯ ಅವರದ್ದು, ಅದನ್ನು ನೀವೇ ತೆಗೆಯಬೇಕು. ವರ್ಷಕ್ಕೆ ಹತ್ತರಲ್ಲೊಂದು ಪುಸ್ತಕ ಹರಿಯುವುದು, ಕಳೆಯುವುದು ಸಹಜ, ಬದಲಿ ನಾವು ಕೊಡುತ್ತೇವೆ ಎಂದು ಬರೆದೇ ಕೊಡಿ. ಒಂದೂ ಕಳೆಯದ ಗ್ರಂಥಾಲಯ ನೋಡಿದರೆ ಅನುಮಾನಪಡಬೇಕು.

ಮುಂದಿನ ಶಾಲೆಗೆ ಹೋಗುತ್ತಿಲ್ಲವಾದರೆ

ಇಲ್ಲಿ ವಿದ್ಯಾರ್ಥಿವೇತನ ನೇರವಾಗಿ ತಾಗುತ್ತದೆ. ಘಾನಾದಲ್ಲಿ 2008ರಲ್ಲಿ, ಹಿರಿಯ ಪ್ರೌಢಶಾಲೆಗೆ ಆಯ್ಕೆಯಾಗಿಯೂ ಹಣವಿಲ್ಲದೆ ಸೇರದೆ ಉಳಿದಿದ್ದ ಮಕ್ಕಳಲ್ಲಿ ಲಾಟರಿ ಎತ್ತಿ 682 ಮಂದಿಗೆ ವೇತನ ಕೊಟ್ಟರು. ಓದು ಮುಗಿಸಿದವರ ಪ್ರಮಾಣ ಬಹಳ ಏರಿತು. ಗಮನಿಸಬೇಕಾದದ್ದು ಆಯ್ಕೆಯ ರೀತಿ: ಪ್ರವೇಶ ಸಿಕ್ಕಿದೆ, ಹಣವೊಂದೇ ಅಡ್ಡಿ. ಅತಿ ಹೆಚ್ಚು ಅಂಕದವರಿಗೇ ಕೊಡುತ್ತೇವೆಂದರೆ ಹೇಗಾದರೂ ಓದುತ್ತಿದ್ದ ಮಗುವಿಗೆ ಹಣ ಹೋಗುತ್ತದೆ. ಕನಿಷ್ಠ ಅಂಕವೊಂದನ್ನು ಗೊತ್ತುಮಾಡಿ, ಅದರ ಮೇಲಿರುವ ಎಲ್ಲರಲ್ಲಿ ಮನೆಯ ಸ್ಥಿತಿ ನೋಡಿ. ಇನ್ನೂ ಹೆಚ್ಚು ಮಂದಿ ಉಳಿದರೆ ಎಲ್ಲರ ಎದುರು ಚೀಟಿ ಎತ್ತಿ. ಚೀಟಿಯ ತೀರ್ಪಿನ ಮೇಲೆ ಯಾರೂ ಜಗಳ ತೆಗೆಯುವುದಿಲ್ಲ.

ಶುಲ್ಕಕ್ಕೆ ಮಾತ್ರ ಕೊಟ್ಟರೆ ಸಾಲದು. ಬಸ್ಸು, ವಸತಿ, ಪರೀಕ್ಷಾ ಶುಲ್ಕ, ಸಮವಸ್ತ್ರ, ಮುಟ್ಟಿನ ಬಟ್ಟೆ ಅಥವಾ ಪ್ಯಾಡು, ಫೋನಿನ ಖರ್ಚು ಎಲ್ಲವನ್ನೂ ಆ ಊರಿನಿಂದ ಈಗಾಗಲೇ ಓದುತ್ತಿರುವ ಮೂವರನ್ನು ಕೇಳಿ ಪಟ್ಟಿ ಮಾಡಿ. ವರ್ಷದ ಹಣವನ್ನು ಮೂರು ಕಂತು ಮಾಡಿ: ಪ್ರವೇಶಕ್ಕೆ 15 ದಿನ ಮೊದಲು, ಮಧ್ಯಾವಧಿಗೆ, ಪರೀಕ್ಷೆಯ ಅರ್ಜಿಗೆ ಮೊದಲು. ತಡವಾಗಿ ಬಂದ ಹಣ ಆ ಹೊತ್ತಿಗಾಗಲೇ ಮಾಡಿದ ಸಾಲದ ಬಡ್ಡಿಗೆ ಹೋಗುತ್ತದೆ. ಒಂದು ವರ್ಷ ಅನುತ್ತೀರ್ಣವಾದರೂ ನೆರವು ನಿಲ್ಲುವುದಿಲ್ಲ ಎಂದು ಮೊದಲೇ ಹೇಳಿ. ಹಾಗೆಯೇ ಮದುವೆ ಮುಂದೂಡಿ ಎಂದು ಷರತ್ತು ಹಾಕಿ ಗದರಿಸುವುದಕ್ಕಿಂತ, ಕೋರ್ಸು ಮುಗಿಯುವವರೆಗೂ ಹಣ ಖಚಿತ ಎಂದು ಬರೆದುಕೊಟ್ಟರೆ ಅಪ್ಪ ಅಮ್ಮನ ತೀರ್ಮಾನ ತಾನಾಗಿ ಬದಲಾಗುವ ಸಾಧ್ಯತೆ ಹೆಚ್ಚು.

ಕೆಲವೆಡೆ ಹಣಕ್ಕಿಂತ ಮಾಹಿತಿಯದೇ ಕೊರತೆ. ಮಡಗಾಸ್ಕರಿನಲ್ಲಿ ಓದಿದವರ ಸರಾಸರಿ ಗಳಿಕೆ ಎಷ್ಟು ಎಂಬ ಅಂಕಿಗಳನ್ನು ಪೋಷಕರ ಮುಂದೆ ಇಟ್ಟಾಗಲೇ ಮಕ್ಕಳ ಹಾಜರಾತಿ, ಅಂಕ ಎರಡೂ ಏರಿದವು. ಖರ್ಚಿಲ್ಲದ ಕೆಲಸ, ಮೊದಲ ಪೋಷಕರ ಸಭೆಯಲ್ಲೇ ಮಾಡಿಬಿಡಿ.

ಒಬ್ಬ ದಾನಿಗೆ ಒಂದು ಮಗು ಎಂದು ಜೋಡಿಸುವ ಪದ್ಧತಿಯಿಂದ ಹಣ ಬೇಗ ಬರುತ್ತದೆ, ನಿಜ. ಅದರ ಬೆಲೆಯೂ ಗೊತ್ತಿರಲಿ. ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬರಿಗೆ ಉಡುಗೊರೆ ಬರುತ್ತದೆ, ಇನ್ನೊಬ್ಬರಿಗೆ ಇಲ್ಲ. ವರ್ಷಕ್ಕೊಮ್ಮೆ ಬರೆಸುವ ಧನ್ಯವಾದದ ಪತ್ರ ಮಗುವಿಗೆ ಕೃತಜ್ಞತೆಯ ಅಭಿನಯ ಕಲಿಸುತ್ತದೆ. ದಾನಿಯನ್ನು ಊರಿಗೆ ಜೋಡಿಸಿ, ಮಗುವಿಗೆ ಬೇಡ.

ಹಂತ 4: ಹಣ ಮತ್ತು ನಿಗಾ

ಓದಿನ ಗುಂಪುಗಳ ಕೆಲಸಕ್ಕೆ ಹಿಡಿಸುವ ಒಂದು ಹಂಚಿಕೆ: 100 ಪಾಲಿನಲ್ಲಿ 55 ಕಲಿಸುವವರ ಗೌರವಧನ, 15 ಪುಸ್ತಕ ಮತ್ತು ಸಾಮಗ್ರಿ, 10 ತರಬೇತಿ, 8 ಓಡಾಟ, 5 ಅಳತೆ ಮತ್ತು ಲೆಕ್ಕ, 7 ಆಪತ್ತಿಗೆ. ಸಾಮಗ್ರಿಗೆ 40 ಪಾಲು ಹೋಗುತ್ತಿದ್ದರೆ ಎಲ್ಲೋ ವಸ್ತುವಿನ ಮೋಹ ನುಸುಳಿದೆ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ, ಒಬ್ಬರು ಊರಿನವರು. ಖರೀದಿಗೆ ಮೂರು ದರಪಟ್ಟಿ. ನಗದು ಕೈಯಿಂದ ಕೈಗೆ ಹೋಗುವುದು ಆದಷ್ಟು ಬೇಡ.

ಲೆಕ್ಕವನ್ನು ಗೋಡೆಗೆ ಅಂಟಿಸಿ. ಉಗಾಂಡಾದಲ್ಲಿ 1991ರಿಂದ 95ರ ನಡುವೆ ಸರ್ಕಾರ ಶಾಲೆಗಳಿಗೆ ಕಳಿಸಿದ ತಲಾ ಅನುದಾನದಲ್ಲಿ ಶಾಲೆ ಮುಟ್ಟಿದ್ದು ಸರಾಸರಿ ಶೇ 13. ಎಷ್ಟು ಕಳಿಸಲಾಗಿದೆ ಎಂದು ಪತ್ರಿಕೆಗಳಲ್ಲಿ ಮತ್ತು ಶಾಲೆಯ ಗೋಡೆಯ ಮೇಲೆ ಪ್ರಕಟಿಸತೊಡಗಿದ ಮೇಲೆ, 2001ರ ಹೊತ್ತಿಗೆ ಅದು ಶೇ 80 ದಾಟಿತು. ತಿಂಗಳಿಗೊಂದು ಹಾಳೆ ಸಾಕು: ಬಂದದ್ದು, ಖರ್ಚಾದದ್ದು, ಉಳಿದದ್ದು, ಕೇಳಲು ಒಂದು ಫೋನ್ ನಂಬರು.

ಕಲಿಸುವವರು ಬರುತ್ತಿದ್ದಾರೆಯೇ ಎಂಬುದಕ್ಕೂ ಸರಳ ವ್ಯವಸ್ಥೆ ಬೇಕು. ಉದಯಪುರದ ಹಳ್ಳಿಗಳಲ್ಲಿ ಸೇವಾ ಮಂದಿರ ಸಂಸ್ಥೆ ತನ್ನ ಒಬ್ಬರೇ ಶಿಕ್ಷಕರಿರುವ ಶಾಲೆಗಳಲ್ಲಿ, ದಿನದ ಆರಂಭಕ್ಕೆ ಮತ್ತು ಕೊನೆಗೆ ಮಕ್ಕಳ ಜತೆ ಶಿಕ್ಷಕರ ಒಂದೊಂದು ಫೋಟೊ ತೆಗೆಸಿ ಸಂಬಳವನ್ನು ಆ ದಿನಗಳಿಗೆ ಜೋಡಿಸಿತು. ಗೈರು ಶೇ 42ರಿಂದ 21ಕ್ಕೆ ಇಳಿಯಿತು. ಇದು ನೀವು ನೇಮಿಸಿದವರಿಗೆ ಮಾತ್ರ ಹೊಂದುವ ಉಪಾಯ. ಶಾಲೆಯ ಶಿಕ್ಷಕರ ಮೇಲೆ ನಿಗಾ ಇಡುವ ಅಧಿಕಾರ ನಿಮಗಿಲ್ಲ, ಇಡಲು ಹೋಗಲೂಬೇಡಿ.

ಮಕ್ಕಳ ಸುರಕ್ಷತೆ

ಇದರಲ್ಲಿ ರಿಯಾಯಿತಿ ಇಲ್ಲ. ಹೊರಗಿನಿಂದ ಬಂದ ದೊಡ್ಡವರು ಯಾರೂ ಒಂದು ಮಗುವಿನ ಜತೆ ಮುಚ್ಚಿದ ಕೋಣೆಯಲ್ಲಿ ಇರಕೂಡದು, ದಾನಿ ಎಷ್ಟೇ ದೊಡ್ಡವರಾಗಿರಲಿ. ಕೆಲಸಕ್ಕೆ ಸೇರುವವರ ಬಗ್ಗೆ ಹಿಂದೆ ದುಡಿದ ಕಡೆ ಇಬ್ಬರನ್ನಾದರೂ ಫೋನ್ ಮಾಡಿ ಕೇಳಿ. ಹೆಸರು, ಊರು, ಮುಖ ಮೂರನ್ನೂ ಒಟ್ಟಿಗೆ ಎಲ್ಲೂ ಪ್ರಕಟಿಸಬೇಡಿ. ಫೋಟೊಕ್ಕೆ ಪೋಷಕರ ಒಪ್ಪಿಗೆ ಮತ್ತು ಮಗುವಿನ ಒಪ್ಪಿಗೆ ಎರಡೂ ಬೇಕು. ದೂರು ಹೇಳಲು ಮಕ್ಕಳಿಗೆ ಗೊತ್ತಿರುವ ಇಬ್ಬರು ಇರಲಿ, ಅವರಲ್ಲಿ ಒಬ್ಬರು ಮಹಿಳೆ, ಒಬ್ಬರು ನಿಮ್ಮ ಸಂಸ್ಥೆಗೆ ಸೇರದವರು. ಹೊಡೆತದ ದೂರು ಬಂದರೆ ಕಲಿಸುವವರನ್ನು ಅಂದೇ ಕೆಲಸದಿಂದ ದೂರವಿಟ್ಟು ವಿಚಾರಿಸಿ.

ಹಂತ 5: ಮತ್ತೆ ಅಳೆಯುವುದು, ಹೊರಬರುವುದು

ಆರು ತಿಂಗಳಿಗೊಮ್ಮೆ ಅದೇ ಹಾಳೆ, ಅದೇ ರೀತಿ. ಕಲಿಸಿದವರೇ ಪರೀಕ್ಷಿಸಬಾರದು. ಪಕ್ಕದ ಊರಿನವರನ್ನು ಕರೆಸಿ. ನೀವು ಕೆಲಸ ಮಾಡದ, ಇದೇ ಬಗೆಯ ಇನ್ನೊಂದು ಊರಿನಲ್ಲೂ ಅಳೆಯಿರಿ. ವರ್ಷ ಕಳೆದಂತೆ ಮಕ್ಕಳು ಹೇಗೂ ಸ್ವಲ್ಪ ಕಲಿಯುತ್ತಾರೆ, ಆ ಏರಿಕೆಯನ್ನೂ ನಿಮ್ಮ ಖಾತೆಗೆ ಬರೆದುಕೊಳ್ಳಬಾರದು. ಪರೀಕ್ಷೆಯ ದಿನ ಬಾರದ ಮಕ್ಕಳನ್ನು ಬಿಟ್ಟುಬಿಟ್ಟರೆ ಫಲಿತಾಂಶ ತಾನಾಗಿ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಬಾರದವರೇ ಹೆಚ್ಚು ಹಿಂದುಳಿದವರು. ಮೂರು ಸಲ ಅವರ ಮನೆಗೆ ಹೋಗಿ, ಆಮೇಲಷ್ಟೇ ‘ಸಿಗಲಿಲ್ಲ’ ಎಂದು ಬರೆಯಿರಿ.

50 ದಿನದ ಎರಡು ಸುತ್ತು ಮುಗಿದರೂ ಅಕ್ಷರದ ಮೆಟ್ಟಿಲಲ್ಲೇ ಉಳಿದ ಮಕ್ಕಳಿದ್ದರೆ ಅವರ ಕಿವಿ, ಕಣ್ಣು, ಕಲಿಕೆಯ ತೊಂದರೆಗಳನ್ನು ತಜ್ಞರಿಗೆ ತೋರಿಸಿ. ಅರ್ಧ ಗುಂಪೇ ಉಳಿದಿದ್ದರೆ ತೊಂದರೆ ಮಕ್ಕಳದ್ದಲ್ಲ, ಕಲಿಸುವ ರೀತಿಯದ್ದು ಅಥವಾ ಹಾಜರಾತಿಯದ್ದು. ಗುಂಪಿನಲ್ಲಿ ಎರಡು ದಿನ ಕೂತು ನೋಡಿ. ಬಹಳ ಸಲ ಕಾಣುವುದು ಹಳೆಯ ದೃಶ್ಯವೇ: ಕಡ್ಡಿಗಳ ಕಟ್ಟು ಮೂಲೆಯಲ್ಲಿ, ಮಕ್ಕಳು ಹಲಗೆಯ ಮೇಲಿದ್ದದ್ದನ್ನು ನಕಲು ಮಾಡುತ್ತಿರುತ್ತಾರೆ.

ಹೊರಬರುವ ದಿನವನ್ನು ಮೊದಲ ಸಭೆಯಲ್ಲೇ ಹೇಳಿ. ಎರಡನೇ ವರ್ಷದ ಕೊನೆಗೆ ಪುಸ್ತಕ ಕೊಡುವ ಕೆಲಸ ಶಾಲೆಗೆ, ಸೈಕಲ್ ರಿಪೇರಿ ದೊಡ್ಡ ಮಕ್ಕಳಿಗೆ, ಲೆಕ್ಕದ ಹಾಳೆ ಊರಿನ ಸಮಿತಿಗೆ. ಮೂರನೇ ವರ್ಷ ಗೌರವಧನದ ಒಂದು ಪಾಲನ್ನು ಸ್ಥಳೀಯ ಆಡಳಿತದಿಂದಲೋ ಊರಿನ ಚಂದಾದಿಂದಲೋ ಹೊಂದಿಸಲು ನೋಡಿ. ಅದಾಗದಿದ್ದರೆ ಗುಂಪುಗಳನ್ನು ನಡೆಸಲು ಶಾಲೆಯ ಶಿಕ್ಷಕರಿಗೇ ತರಬೇತಿ ಕೊಟ್ಟು ಬಿಟ್ಟುಕೊಡಿ. ವಿದ್ಯಾರ್ಥಿವೇತನ ಪಡೆಯುತ್ತಿರುವ ಮಕ್ಕಳ ಹಣವನ್ನು ಮಾತ್ರ ನಿಲ್ಲಿಸುವಂತಿಲ್ಲ. ಕೊನೆಯ ಮಗುವಿನ ಕೋರ್ಸು ಮುಗಿಯುವವರೆಗಿನ ಮೊತ್ತವನ್ನು ಲೆಕ್ಕಹಾಕಿ ಬೇರೆ ಖಾತೆಯಲ್ಲಿ ಇಟ್ಟು, ಅದಕ್ಕೆ ಸಹಿ ಹಾಕುವ ಇಬ್ಬರ ಹೆಸರನ್ನು ಆ ಮಕ್ಕಳ ಮನೆಗೆ ಬರೆದು ಕೊಟ್ಟು ಊರಿನಿಂದ ಹೊರಡಿ.